ಹನಿ ಡೀಸೆಲ್‌ಗೂ ಲೆಕ್ಕ ಇಟ್ಟ ರಾಬರ್ಟ್ ಬಾಷ್

ಸವದತ್ತಿ ತಾಲ್ಲೂಕಿನ ಮನೋಳಿ ಮಲಪ್ರಭೆಯ ದಂಡೆಯ ಮೇಲಿರುವ ಊರು. ನವಿಲುತೀರ್ಥದ ಅಣೆಕಟ್ಟು ಸಮೀಪದಲ್ಲೇ ಇದೆ. 1970ರ ದಶಕದಲ್ಲಿ ನಾನು ಅಲ್ಲಿ ಶಾಲೆಗೆ ಹೋಗುತ್ತಿದ್ದ ದಿನಗಳಲ್ಲಿ ನಮ್ಮ ಕಾಕಾ ಬ್ಯಾಂಕಿನ ಸಾಲ ತೆಗೆದು ಒಂದು ಲಾರಿ ಕೊಂಡಿದ್ದರು. ಬ್ಯಾಂಕುಗಳು ರಾಷ್ಟ್ರೀಕರಣಗೊಂಡ ಬಳಿಕ ಸಣ್ಣ ವಾಹನ ಮಾಲೀಕರಿಗೂ ಸಾಲದ ಬಾಗಿಲು ತೆರೆದಿದ್ದ ಕಾಲವದು. ಹತ್ತಿ, ಶೇಂಗಾ, ಜೋಳ ಹೇರಿಕೊಂಡು ಲಾರಿ ಹುಬ್ಬಳ್ಳಿಗೆ ಹೋಗುತ್ತಿತ್ತು. ಯಲ್ಲಮ್ಮನ ಹುಣ್ಣಿಮೆ ಬಂದರೆ ಗುಡ್ಡಕ್ಕೆ ಜನರನ್ನು ಒಯ್ಯುತ್ತಿತ್ತು. ಬಾಡಿಗೆ ಸಿಕ್ಕಾಗ ಅರಬೈಲ್ ಘಟ್ಟ ಇಳಿದು ಕರಾವಳಿಯನ್ನೂ ಕಾಣುತ್ತಿತ್ತು.

ಘಟ್ಟ ಹತ್ತುವಾಗ ಗಾಡಿ ಎಳೆಯುವುದಿಲ್ಲ ಎಂಬುದು ಕಾಕಾನ ಕೊರಗಾಗಿತ್ತು. ಒಮ್ಮೆ ಅವರು ಮೆಕ್ಯಾನಿಕ್ ಒಬ್ಬನಿಗೆ ಹೇಳಿ ಡೀಸೆಲ್ ಪಂಪಿನ ಸೀಲು ಒಡೆಸಿದರು. ಒಳಗಿನ ತಿರುಪನ್ನು ಸ್ವಲ್ಪವೇ ತಿರುಗಿಸಿದ್ದಕ್ಕೆ ಲಾರಿಗೆ ಹೊಸ ಹುರುಪು ಬಂದಂತಾಯಿತು. ಕೆಲವು ವಾರ ಮನೆಯಲ್ಲಿ ಸಂಭ್ರಮ. ಆದರೆ ಹಿಂದೆ ಕರಿಹೊಗೆ ಹೆಚ್ಚಿತು. ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಡುತ್ತಿದ್ದ ಗಾಡಿ ಮೂರು ಚಿಲ್ಲರೆಗೆ ಇಳಿಯಿತು. ಮಳೆಗಾಲದ ಮುಂಚಿನ ಒಂದು ಮಧ್ಯಾಹ್ನ, ತುಂಬಿದ ಹೇರಿನೊಡನೆ ಘಟ್ಟ ಏರುವಾಗ ಪಿಸ್ಟನ್ ಕರಗಿ ಇಂಜಿನ್ ಹಿಡಿದು ನಿಂತಿತು. ರಿಪೇರಿಯ ಖರ್ಚು, ನಿಂತ ಬಾಡಿಗೆ, ತಪ್ಪಿದ ಕಂತು ಒಟ್ಟಾಗಿ ಆ ವರ್ಷವೇ ಲಾರಿ ಮಾರಿಹೋಯಿತು. ಆ ಪಂಪಿನ ಮೈಮೇಲೆ ಎರಡು ಹೆಸರುಗಳಿದ್ದವು. ಒಂದು ಮೈಕೊ, ಇನ್ನೊಂದು ಬಾಷ್. ಮೊದಲನೆಯದು ಬೆಂಗಳೂರಿನ ಆಡುಗೋಡಿಯ ಕಾರ್ಖಾನೆ ಎಂದು ತಿಳಿದಿತ್ತು. ಎರಡನೆಯದು ಒಬ್ಬ ಮನುಷ್ಯನ ಹೆಸರು ಎಂದು ತಿಳಿದದ್ದು ಬಹಳ ವರ್ಷಗಳ ನಂತರ.

ರಾಬರ್ಟ್ ಬಾಷ್ ಹುಟ್ಟಿದ್ದು 1861ರ ಸೆಪ್ಟೆಂಬರ್ 23ರಂದು, ದಕ್ಷಿಣ ಜರ್ಮನಿಯ ಉಲ್ಮ್ ನಗರದ ಬಳಿಯ ಆಲ್ಬೆಕ್ ಎಂಬ ಹಳ್ಳಿಯಲ್ಲಿ. ಹನ್ನೆರಡು ಮಕ್ಕಳ ಕುಟುಂಬದಲ್ಲಿ ಹನ್ನೊಂದನೆಯವರು. ತಂದೆ ಉಳ್ಳ ರೈತ. ಜೊತೆಗೆ ಹೆದ್ದಾರಿಯ ಮಗ್ಗುಲಿನಲ್ಲಿ ಒಂದು ಛತ್ರ ನಡೆಸುತ್ತಿದ್ದರು. ಸರಕು ಹೊತ್ತ ಕುದುರೆಗಾಡಿಗಳ ಸವಾರರು ರಾತ್ರಿ ತಂಗುತ್ತಿದ್ದ ಜಾಗವದು. ಮುಂದೆ ಜಗತ್ತಿನ ಲಾರಿಗಳಿಗೆಲ್ಲ ಪಂಪು ಒದಗಿಸಿದ ವ್ಯಕ್ತಿ ಬಾಲ್ಯದಲ್ಲಿ ಕಂಡದ್ದು ಈ ಗಾಡಿಕಾರರ ಲೋಕವನ್ನೇ.

ಓದಿನಲ್ಲಿ ಅವರಿಗೆ ಹೆಚ್ಚಿನ ಆಸಕ್ತಿ ಇರಲಿಲ್ಲ. 1876ರಲ್ಲಿ ಉಲ್ಮ್‌ನ ಒಬ್ಬ ಸೂಕ್ಷ್ಮಯಂತ್ರ ಕುಶಲಕರ್ಮಿಯ ಬಳಿ ಮೂರು ವರ್ಷದ ಕಲಿಕೆಗೆ ಸೇರಿದರು. ಗುರುವಾದವನು ಕಲಿಸುವ ಗೋಜಿಗೇ ಹೋಗಲಿಲ್ಲ. ಆ ಬೇಸರ ಜೀವನಪೂರ್ತಿ ಉಳಿಯಿತು. 1913ರಲ್ಲಿ ತಮ್ಮ ಕಾರ್ಖಾನೆಯಲ್ಲಿ ಕಲಿಕೆಯ ಹುಡುಗರಿಗೆಂದೇ ಪ್ರತ್ಯೇಕ ತರಬೇತಿ ವಿಭಾಗವನ್ನು ತೆರೆದಾಗ, ಅದು ತಮಗೆ ಸಿಗದೆ ಹೋದುದನ್ನು ಇನ್ನೊಬ್ಬರಿಗೆ ಕೊಡುವ ಪ್ರಯತ್ನವೂ ಆಗಿತ್ತು.

ಕಲಿಕೆ ಮುಗಿಸಿ ಹಲವು ಊರುಗಳಲ್ಲಿ ದುಡಿದ ಬಾಷ್ 1884ರಲ್ಲಿ ಅಮೆರಿಕಕ್ಕೆ ಹಡಗು ಹತ್ತಿದರು. ನ್ಯೂಯಾರ್ಕಿನಲ್ಲಿ ಎಡಿಸನ್ ಉದ್ಯಮಕ್ಕೆ ಸೇರಿದ ಕಾರ್ಯಾಗಾರದಲ್ಲಿ ಕೆಲಸ ಮಾಡಿದರು. ಕಾರ್ಮಿಕ ಸಂಘಟನೆಯೊಂದರ ಸದಸ್ಯರೂ ಆದರು. ಅಲ್ಲಿ ಕೆಲಸ ಇದ್ದಾಗ ಸಂಬಳ, ಇಲ್ಲವಾದಾಗ ಬೀದಿ ಎಂಬ ಪದ್ಧತಿಯನ್ನು ಕೂಲಿಯವನ ಕಡೆಯಿಂದ ಕಂಡರು. ಮುಂದಿನ ವರ್ಷ ಇಂಗ್ಲೆಂಡಿನ ಸೀಮೆನ್ಸ್ ಬ್ರದರ್ಸ್‌ನಲ್ಲಿ ದುಡಿದು ಊರಿಗೆ ಮರಳಿದರು. 1886ರ ನವೆಂಬರ್ 15ರಂದು ಸ್ಟುಟ್‌ಗಾರ್ಟ್ ನಗರದ ಒಂದು ಹಿತ್ತಿಲ ಕಟ್ಟಡದಲ್ಲಿ ಅವರ ಸ್ವಂತ ಕಾರ್ಯಾಗಾರ ಆರಂಭವಾಯಿತು. ಜೊತೆಗಿದ್ದವರು ಒಬ್ಬ ಕೆಲಸಗಾರ, ಒಬ್ಬ ಓಡಾಟದ ಹುಡುಗ.

ಆರಂಭದ ವರ್ಷಗಳು ಕಷ್ಟದವು. ಟೆಲಿಫೋನು, ವಿದ್ಯುತ್ ಗಂಟೆ, ಏನು ಸಿಕ್ಕಿದರೆ ಅದನ್ನು ದುರಸ್ತಿ ಮಾಡಿದರು. 1890ರ ದಶಕದ ಆರಂಭದಲ್ಲಿ ಹೆಚ್ಚಿನ ಕೆಲಸಗಾರರನ್ನು ಮನೆಗೆ ಕಳಿಸಬೇಕಾದ ಸ್ಥಿತಿಯೂ ಬಂತು. ಉಳಿಸಿದ್ದು ಮ್ಯಾಗ್ನೆಟೊ, ಅಂದರೆ ಇಂಜಿನ್ನಿನೊಳಗೆ ಕಿಡಿ ಹೊತ್ತಿಸುವ ಸಣ್ಣ ವಿದ್ಯುತ್ ಯಂತ್ರ. 1887ರಲ್ಲಿ ನೆಲಕ್ಕೆ ಕೂಡಿಸಿದ ಇಂಜಿನ್ನುಗಳಿಗೆಂದು ಅದನ್ನು ಮಾಡತೊಡಗಿದ್ದರು. 1897ರಲ್ಲಿ ಅದು ಓಡುವ ವಾಹನಕ್ಕೆ ಒಗ್ಗಿತು. 1902ರಲ್ಲಿ ಅವರ ಸಹೋದ್ಯೋಗಿ ಗಾಟ್‌ಲೋಬ್ ಹೊನೋಲ್ಡ್ ಸ್ಪಾರ್ಕ್ ಪ್ಲಗ್ ಸಮೇತ ಹೈ ವೋಲ್ಟೇಜ್ ಮ್ಯಾಗ್ನೆಟೊ ರೂಪಿಸಿದ ಮೇಲೆ ಬಾಷ್ ಹೆಸರು ಸಾಗರಗಳಾಚೆ ಹರಡಿತು. ಮೊದಲ ಮಹಾಯುದ್ಧದ ಹೊತ್ತಿಗೆ ಕಂಪನಿಯ ವ್ಯಾಪಾರದ ಬಹುಪಾಲು ಹೊರದೇಶಗಳಲ್ಲೇ ಇತ್ತು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಬಾಷ್ ಮುಖ್ಯರಾಗುವುದು 1906ರ ಒಂದು ನಿರ್ಧಾರದಿಂದ. ಆ ವರ್ಷ ಅವರು ತಮ್ಮ ಕಾರ್ಖಾನೆಯಲ್ಲಿ ಎಂಟು ಗಂಟೆಯ ದುಡಿಮೆ ಜಾರಿಗೆ ತಂದರು. ಜರ್ಮನಿಯಲ್ಲಿ ಅದು ಕಾನೂನಾಗಲು ಇನ್ನೂ ಹನ್ನೆರಡು ವರ್ಷ ಬೇಕಾಗಿತ್ತು. 1910ರಲ್ಲಿ ಶನಿವಾರದ ಅರ್ಧ ದಿನ ರಜೆಯಾಯಿತು. ಸಹ ಉದ್ಯಮಿಗಳು ಅವರನ್ನು ಕೆಂಪು ಬಾಷ್ ಎಂದು ಕರೆದು ಮೂದಲಿಸಿದರು. ಅವರದು ಕರುಣೆಯ ಮಾತಾಗಿರಲಿಲ್ಲ, ಗಟ್ಟಿ ಲೆಕ್ಕವಾಗಿತ್ತು. ಮೈಕ್ರಾನ್ ಲೆಕ್ಕದಲ್ಲಿ ಲೋಹ ಉಜ್ಜುವ ಕೈ ದಣಿದಿರಬಾರದು; ಬೆಲೆಬಾಳುವ ಯಂತ್ರ ಸುಮ್ಮನೆ ನಿಲ್ಲಬಾರದು. ಎಂಟು ಗಂಟೆಯ ಎರಡು ಪಾಳಿ ಮಾಡಿದರೆ ಎರಡೂ ಸಾಧ್ಯ. ಒಳ್ಳೆಯ ಕೂಲಿಯನ್ನು ಅವರು ವೆಚ್ಚವೆಂದು ಕಾಣದೆ ಬಂಡವಾಳವೆಂದು ಕಂಡರು. ಹಾಗೆಂದು ಎಲ್ಲವೂ ಸುಗಮವಾಗಿರಲಿಲ್ಲ. 1913ರಲ್ಲಿ ಅವರದೇ ಕಾರ್ಮಿಕರು ದೀರ್ಘ ಮುಷ್ಕರ ಹೂಡಿದಾಗ ಬಾಷ್ ಕಾರ್ಖಾನೆಗೆ ಬೀಗ ಹಾಕಿದರು. ಅದುವರೆಗೆ ದೂರವಿದ್ದ ಮಾಲೀಕರ ಸಂಘವನ್ನು ಸೇರಿದರು. ಮನಸ್ಸಿಗಾದ ಗಾಯ ಬೇಗ ಮಾಯಲಿಲ್ಲ.

ಮಿತವ್ಯಯ ಅವರಿಗೆ ಒಂದು ವ್ರತದಂತಿತ್ತು. ನೆಲದ ಮೇಲೆ ಬಿದ್ದ ಒಂದು ಕಾಗದದ ಕ್ಲಿಪ್ಪನ್ನು ಎತ್ತಿ, ಇದು ಏನೆಂದು ನೌಕರನನ್ನು ಪ್ರಶ್ನಿಸಿ, ಅದು ತಮ್ಮ ಹಣ ಎಂದು ನೆನಪಿಸಿದರೆಂಬ ಕತೆ ಕಂಪನಿಯಲ್ಲಿ ಈಗಲೂ ಬಳಕೆಯಲ್ಲಿದೆ. ಅದೇ ಮನುಷ್ಯ 1910ರಲ್ಲಿ ಸ್ಟುಟ್‌ಗಾರ್ಟಿನ ತಾಂತ್ರಿಕ ವಿದ್ಯಾಲಯಕ್ಕೆ ಹತ್ತು ಲಕ್ಷ ಮಾರ್ಕ್ ದಾನವಿತ್ತರು. ಯುದ್ಧದಿಂದ ಬಂದ ಲಾಭವನ್ನು ಇಟ್ಟುಕೊಳ್ಳಲು ಮನಸ್ಸೊಪ್ಪದೆ ನೆಕಾರ್ ನದಿಯ ಕಾಲುವೆ ಯೋಜನೆಗೆ ಭಾರಿ ಮೊತ್ತ ಕೊಟ್ಟರು. ವೈಯಕ್ತಿಕ ಬದುಕಿನಲ್ಲಿ ದುಃಖ ಕಾದಿತ್ತು. ಉತ್ತರಾಧಿಕಾರಿಯಾಗಬೇಕಿದ್ದ ಮಗ ದೀರ್ಘ ಕಾಯಿಲೆಯಿಂದ ನರಳಿ 1921ರಲ್ಲಿ ತೀರಿಕೊಂಡ. ಮೊದಲ ವಿವಾಹವೂ ಮುರಿಯಿತು.

ಮಗನನ್ನು ಕಳೆದುಕೊಂಡ ಮರುವರ್ಷ, ಅಂದರೆ 1922ರಲ್ಲಿ, ಅರವತ್ತು ದಾಟಿದ ಬಾಷ್ ತಮ್ಮ ಬದುಕಿನ ಎರಡನೆಯ ದೊಡ್ಡ ಪಂದ್ಯಕ್ಕೆ ಇಳಿದರು. ಅದೇ ಡೀಸೆಲ್ ಪಂಪು. ವಿಪರ್ಯಾಸವೆಂದರೆ ಡೀಸೆಲ್ ಇಂಜಿನ್ನಿಗೆ ಕಿಡಿಯೇ ಬೇಡ. ಒತ್ತಿದ ಗಾಳಿಯ ಬಿಸಿಗೇ ಇಂಧನ ಹೊತ್ತಿಕೊಳ್ಳುತ್ತದೆ. ಅದು ಗೆದ್ದರೆ ಬಾಷ್‌ಗೆ ಅನ್ನ ಕೊಟ್ಟ ಮ್ಯಾಗ್ನೆಟೊ, ಸ್ಪಾರ್ಕ್ ಪ್ಲಗ್ಗುಗಳ ಮಾರುಕಟ್ಟೆಗೇ ಪೆಟ್ಟು. ಆ ಪೆಟ್ಟನ್ನು ಬೇರೆಯವರಿಂದ ತಿನ್ನುವ ಬದಲು ಅದರ ಮುಂದಾಳತ್ವವನ್ನು ತಾವೇ ವಹಿಸಲು ಅವರು ತೀರ್ಮಾನಿಸಿದರು.

ರುಡಾಲ್ಫ್ ಡೀಸೆಲ್ 1897ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ತನ್ನ ಇಂಜಿನ್ ಓಡಿಸಿ ತೋರಿಸಿದಾಗ ಅದು ಇಂಧನದ ಶಕ್ತಿಯಲ್ಲಿ ಶೇ 26ರಷ್ಟನ್ನು ಕೆಲಸವಾಗಿ ಪರಿವರ್ತಿಸಿತು. ಅಂದಿನ ಉಗಿಯಂತ್ರಗಳ ಮುಂದೆ ಇದು ಪವಾಡ. ಆದರೆ ಇಂಧನವನ್ನು ಒಳಗೆ ಊದಲು ದೊಡ್ಡ ಗಾಳಿ ಕಂಪ್ರೆಸರ್ ಬೇಕಿತ್ತು. ಹಡಗಿಗೆ, ಕಾರ್ಖಾನೆಗೆ ಸರಿ. ಲಾರಿಗೆ ಆ ಭಾರ ಆಗದು. 1913ರಲ್ಲಿ ಡೀಸೆಲ್ ಹಡಗಿನಿಂದ ಕಾಣೆಯಾಗಿ ಸತ್ತಾಗ ತನ್ನ ಇಂಜಿನ್ ರಸ್ತೆಗೆ ಇಳಿದದ್ದನ್ನು ನೋಡಿರಲಿಲ್ಲ. ಗಾಳಿಯ ನೆರವಿಲ್ಲದೆ ಡೀಸೆಲ್ಲನ್ನೇ ನೇರವಾಗಿ, ಅತಿ ಒತ್ತಡದಲ್ಲಿ, ಅಳತೆ ತಪ್ಪದಂತೆ ಚಿಮ್ಮಿಸುವ ಸಣ್ಣ ಪಂಪು ಬೇಕಿತ್ತು. ಹಲವು ಮಾದರಿಗಳನ್ನು ಪರೀಕ್ಷಿಸಿ, ಐದು ವರ್ಷ ಹಣ ಸುರಿದ ಮೇಲೆ 1927ರ ನವೆಂಬರ್ 30ರಂದು ಬಾಷ್ ಕಾರ್ಖಾನೆಯಲ್ಲಿ ಅಂಥ ಪಂಪಿನ ಸರಣಿ ಉತ್ಪಾದನೆ ಆರಂಭವಾಯಿತು. ಮೊದಲು ಅದನ್ನು ಹೊತ್ತು ಓಡಿದ್ದು ಎಂ.ಎ.ಎನ್. ಕಂಪನಿಯ ಲಾರಿಗಳು. 1936ರಲ್ಲಿ ಮರ್ಸಿಡಿಸ್ 260 ಡಿ ಎಂಬ ಡೀಸೆಲ್ ಕಾರು ಬಂತು. ಅದರೊಳಗೂ ಬಾಷ್ ಪಂಪೇ.

ಆ ಪಂಪಿನ ಒಳಗುಟ್ಟನ್ನು ತಿಳಿದರೆ ಕಾಕಾನ ಲಾರಿ ಏಕೆ ನಿಂತಿತೆಂಬುದೂ ತಿಳಿಯುತ್ತದೆ. ಇಂಜಿನ್ನಿನಲ್ಲಿ ಎಷ್ಟು ಸಿಲಿಂಡರುಗಳೋ ಪಂಪಿನಲ್ಲಿ ಅಷ್ಟು ಪ್ಲಂಜರುಗಳು. ಪ್ಲಂಜರು ಒಂದು ಉಕ್ಕಿನ ಕಡ್ಡಿ; ಅದು ಕೂಡುವ ಕೊಳವೆಗೂ ಅದಕ್ಕೂ ನಡುವಿನ ಸಂದು ಎರಡು ಮೂರು ಮೈಕ್ರಾನ್ ಮಾತ್ರ, ತಲೆಗೂದಲ ದಪ್ಪದಲ್ಲಿ ಇಪ್ಪತ್ತರಲ್ಲಿ ಒಂದು ಪಾಲಿನಷ್ಟೂ ಇಲ್ಲ. ಪ್ಲಂಜರು ಪ್ರತಿ ಸಲವೂ ಅಷ್ಟೇ ಎತ್ತರಕ್ಕೆ ಏರುತ್ತದೆ. ಆದರೆ ಅದರ ಮೈಮೇಲೆ ಓರೆಯಾಗಿ ಕೊರೆದ ಗಾಡಿ ಇದೆ. ಡ್ರೈವರ್ ಆಕ್ಸಿಲರೇಟರ್ ಒತ್ತಿದಾಗ ಹಲ್ಲುಪಟ್ಟಿಯೊಂದು ಸರಿದು ಪ್ಲಂಜರನ್ನು ತನ್ನ ಅಕ್ಷದಲ್ಲೇ ತುಸು ತಿರುಗಿಸುತ್ತದೆ. ಓರೆ ಗಾಡಿ ಬೇಗ ಅಥವಾ ತಡವಾಗಿ ತೂತಿಗೆ ಎದುರಾಗುತ್ತದೆ. ಅದರಂತೆ ಸಿಲಿಂಡರಿಗೆ ಹೋಗುವ ಡೀಸೆಲ್ ಹೆಚ್ಚು ಅಥವಾ ಕಡಿಮೆಯಾಗುತ್ತದೆ. ಒಂದು ಸಲಕ್ಕೆ ಹೋಗುವುದು ಒಂದೆರಡು ಹನಿ. ಇಂಜಿನ್ ನಿಮಿಷಕ್ಕೆ ಎರಡು ಸಾವಿರ ಸುತ್ತು ತಿರುಗುವಾಗ ಪ್ರತಿ ಸಿಲಿಂಡರಿಗೆ ನಿಮಿಷಕ್ಕೆ ಸಾವಿರ ಸಲ, ಸೆಕೆಂಡಿನ ಸಾವಿರದಲ್ಲಿ ಎರಡು ಮೂರು ಭಾಗದಷ್ಟು ಹೊತ್ತಿನಲ್ಲಿ ಇದು ನಡೆದು ಮುಗಿಯಬೇಕು.

ಎಷ್ಟು ಹನಿ ಎಂಬುದಕ್ಕೆ ಮಿತಿ ಹಾಕುವುದು ಗಾಳಿ. ಒಂದು ಕಿಲೋ ಡೀಸೆಲ್ ಪೂರ್ತಿ ಉರಿಯಲು ಸುಮಾರು ಹದಿನಾಲ್ಕೂವರೆ ಕಿಲೋ ಗಾಳಿ ಬೇಕು. ಚಿಮ್ಮಿದ ಡೀಸೆಲ್ ಗಾಳಿಯೊಡನೆ ಪೂರ್ತಿ ಬೆರೆಯಲು ಸಮಯವಿಲ್ಲದ್ದರಿಂದ ಅದಕ್ಕಿಂತ ಹೆಚ್ಚೇ ಗಾಳಿ ಇರಬೇಕು. ಕಾರ್ಖಾನೆಯವರು ಆ ಮಿತಿಯನ್ನು ಲೆಕ್ಕ ಹಾಕಿ, ಹಲ್ಲುಪಟ್ಟಿ ಅದಕ್ಕಿಂತ ಮುಂದೆ ಸರಿಯದಂತೆ ತಿರುಪು ಬಿಗಿದು ಸೀಲು ಹಾಕುತ್ತಾರೆ. ಸೀಲು ಒಡೆದು ತಿರುಪು ಬಿಚ್ಚಿದರೆ ಮೊದಲು ಕೊಂಚ ಶಕ್ತಿ ಹೆಚ್ಚುತ್ತದೆ ನಿಜ. ಆದರೆ ಒಳಗೆ ಹೋಗುವ ಗಾಳಿ ಅಷ್ಟೇ ಇರುವುದರಿಂದ ನಂತರದ ಪ್ರತಿ ಹನಿಯೂ ಹಿಂದಿನ ಹನಿಗಿಂತ ಕಡಿಮೆ ಕೆಲಸ ಮಾಡುತ್ತದೆ. ನಾವು ತರಗತಿಯಲ್ಲಿ ಇಳುವರಿ ಕುಸಿತದ ನಿಯಮ ಎಂದು ಹೊಲ, ಗೊಬ್ಬರದ ಉದಾಹರಣೆಯೊಡನೆ ಓದಿದ್ದು ಇದನ್ನೇ. ಕೆಲಸವಾಗದೆ ಉಳಿದ ಡೀಸೆಲ್ ಕರಿಹೊಗೆಯಾಗುತ್ತದೆ, ಪಿಸ್ಟನ್ನಿನ ತಲೆಯನ್ನು ಕಾಯಿಸುತ್ತದೆ.

ಇದರಿಂದ ತಿರುಪನ್ನು ಬಿಗಿದಷ್ಟೂ ಲಾಭ ಎಂದು ತಿಳಿಯುವುದೂ ತಪ್ಪು. ಬಯಲು ರಸ್ತೆಯಲ್ಲಿ ಲಾರಿ ಆ ಮಿತಿಯನ್ನು ಮುಟ್ಟುವುದೇ ಅಪರೂಪ; ಅಲ್ಲಿ ಮೈಲೇಜನ್ನು ನಿರ್ಧರಿಸುವುದು ವೇಗ, ಹೇರು, ಟೈರಿನ ಗಾಳಿ, ಡ್ರೈವರನ ಕಾಲು. ತೀರಾ ಬಿಗಿದರೆ ಘಟ್ಟದಲ್ಲಿ ಕೆಳಗಿನ ಗೇರಿನಲ್ಲಿ ಗಂಟೆಗಟ್ಟಲೆ ಗೋಳಾಡಿ ಉಳಿದದ್ದೆಲ್ಲ ಅಲ್ಲೇ ಕರಗುತ್ತದೆ. ಚಿಮ್ಮುವ ಗಳಿಗೆಯೂ ಮುಖ್ಯ. ತಡವಾದರೆ ಶಾಖ ಹೊಗೆಕೊಳವೆಯ ಪಾಲು. ಬಹಳ ಬೇಗವಾದರೆ ಇಂಜಿನ್ ಬಡಿದುಕೊಳ್ಳುತ್ತದೆ. ಸವೆದ ಪ್ಲಂಜರು, ತೊಟ್ಟಿಕ್ಕುವ ನಾಝಲ್, ಒಂದು ಸಿಲಿಂಡರಿಗೆ ಹೆಚ್ಚು ಇನ್ನೊಂದಕ್ಕೆ ಕಡಿಮೆ ಉಣಿಸುವ ಪಂಪು, ಇವೂ ಮೈಲೇಜಿನ ಕಳ್ಳರೇ. ಪಂಪಿನ ಒಳಗಿನ ಭಾಗಗಳಿಗೆ ಜಿಡ್ಡು ಕೊಡುವುದು ಡೀಸೆಲ್ಲೇ ಆದ್ದರಿಂದ ಅದರಲ್ಲಿ ಸೀಮೆಎಣ್ಣೆ ಬೆರೆಸಿದವನು ಪ್ಲಂಜರಿನ ಆಯುಷ್ಯವನ್ನೇ ಕುಡಿಯುತ್ತಾನೆ.

ಅಳತೆ ತಪ್ಪದ ವಸ್ತುವನ್ನು ಮಾಡಿದ ಮನುಷ್ಯನ ಕೊನೆಯ ವರ್ಷಗಳು ಮಾತ್ರ ಯಾವ ಅಳತೆಗೂ ಸಿಗದ ಕಾಲದಲ್ಲಿ ಕಳೆದವು. ಫ್ರಾನ್ಸ್ ಮತ್ತು ಜರ್ಮನಿಯ ನಡುವೆ ಸ್ನೇಹ ಕುದುರಬೇಕೆಂದು ಹಣ, ಶ್ರಮ ವ್ಯಯಿಸಿದ್ದ ಬಾಷ್ 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದುದನ್ನು ಕಂಡರು. ಅವರೂ ಅವರ ಆಪ್ತ ಸಹೋದ್ಯೋಗಿ ಹಾನ್ಸ್ ವಾಲ್ಟ್ಸ್ ಮತ್ತಿತರರೂ ಯಹೂದಿಗಳಿಗೆ ಗುಟ್ಟಾಗಿ ನೆರವಾದರು. ಹಿಟ್ಲರನ ವಿರೋಧಿಯಾದ ಕಾರ್ಲ್ ಗೋರ್ಡೆಲರ್‌ಗೆ 1937ರಲ್ಲಿ ಸಲಹೆಗಾರನ ಹುದ್ದೆ ಕೊಟ್ಟು ಆಸರೆಯಾದರು. ಗೋರ್ಡೆಲರ್ 1945ರಲ್ಲಿ ಗಲ್ಲಿಗೇರಿದ. ವಾಲ್ಟ್ಸ್ ಅವರನ್ನು 1969ರಲ್ಲಿ ಇಸ್ರೇಲಿನ ಯಾದ್ ವಶೆಮ್ ಸಂಸ್ಥೆ ಗೌರವಿಸಿತು. ಆದರೆ ಅದೇ ಕಂಪನಿ ನಾಜಿ ಸೇನೆಗೆ ಪಂಪು, ಮ್ಯಾಗ್ನೆಟೊ ಪೂರೈಸಿತು. ಅದರ ಘಟಕಗಳಲ್ಲಿ ಸಾವಿರಾರು ಜನ ಬಲವಂತದ ಕೂಲಿಗಳಾಗಿ ನರಳಿದರು. ಎಂಟು ಗಂಟೆಯ ದುಡಿಮೆ ತಂದವನ ಹೆಸರಿನ ಕಾರ್ಖಾನೆಯಲ್ಲೇ ಇದು ನಡೆಯಿತು. 1942ರ ಮಾರ್ಚ್ 12ರಂದು ಬಾಷ್ ತೀರಿಕೊಂಡಾಗ, ಅವರು ಮೆಚ್ಚದ ಆಡಳಿತವೇ ಸರ್ಕಾರಿ ಗೌರವದ ಅಂತ್ಯಕ್ರಿಯೆ ನಡೆಸಿತು. ಅವರ ಒಳ್ಳೆಯತನವನ್ನು ಹೇಳುವವರು ಈ ಪುಟವನ್ನು ಹರಿದು ಹಾಕುವಂತಿಲ್ಲ.

ಅವರು ಬಿಟ್ಟುಹೋದ ಉಯಿಲಿನ ಆಶಯದಂತೆ 1964ರಲ್ಲಿ ಕುಟುಂಬದ ಷೇರುಗಳ ಬಹುಪಾಲು ಧರ್ಮಾರ್ಥ ಸಂಸ್ಥೆಗೆ ಸೇರಿತು. ಇಂದಿಗೂ ಮೂಲ ಕಂಪನಿಯ ಶೇ 90ಕ್ಕೂ ಹೆಚ್ಚು ಬಂಡವಾಳ ರಾಬರ್ಟ್ ಬಾಷ್ ಪ್ರತಿಷ್ಠಾನದ್ದು. ಲಾಭಾಂಶ ಆಸ್ಪತ್ರೆ, ಶಿಕ್ಷಣ, ಸಂಶೋಧನೆಗೆ ಹೋಗುತ್ತದೆ. ದೊಡ್ಡ ಉದ್ಯಮದ ಒಡೆತನವನ್ನು ಹೀಗೆ ಏರ್ಪಡಿಸಬಹುದೆಂದು ತೋರಿಸಿದ ಉದಾಹರಣೆಗಳು ಜಗತ್ತಿನಲ್ಲಿ ಹೆಚ್ಚಿಲ್ಲ. ನಮ್ಮ ಟಾಟಾ ಟ್ರಸ್ಟ್‌ಗಳನ್ನು ಇದರ ಪಕ್ಕದಲ್ಲಿ ನಿಲ್ಲಿಸಬಹುದು.

ಬಾಷ್ ಸರಕು 1922ರಲ್ಲೇ ಕಲ್ಕತ್ತೆಯ ಮಾರಾಟ ಕಚೇರಿಯ ಮೂಲಕ ಭಾರತಕ್ಕೆ ಬಂದಿತ್ತು. 1951ರಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಮೈಕೊ, ಸ್ಥಾಪನೆಯಾಯಿತು. ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್, ಡೀಸೆಲ್ ಪಂಪುಗಳ ತಯಾರಿಕೆ ನೆಲೆಯೂರಿತು. ಎಚ್‌ಎಎಲ್, ಐಟಿಐ, ಎಚ್‌ಎಂಟಿಗಳ ಜೊತೆಗೆ ಮೈಕೊ ಕೂಡ ಬೆಂಗಳೂರಿನಲ್ಲಿ ಸೂಕ್ಷ್ಮ ಕೆಲಸ ಬಲ್ಲ ಒಂದು ಕಾರ್ಮಿಕ ವರ್ಗವನ್ನೇ ಬೆಳೆಸಿತು. ಮೈಕೊ ಲೇಔಟ್ ಎಂಬ ಬಡಾವಣೆಯ ಹೆಸರು ಅದರ ಗುರುತು. 2008ರಲ್ಲಿ ಕಂಪನಿ ಬಾಷ್ ಲಿಮಿಟೆಡ್ ಆಯಿತು. ತಯಾರಿಕೆ ಬಿಡದಿಗೆ ಸರಿದು, ಆಡುಗೋಡಿಯ ಹಳೆಯ ಆವರಣ 2022ರಲ್ಲಿ ತಂತ್ರಜ್ಞಾನ ಕೇಂದ್ರವಾಗಿ ಉದ್ಘಾಟನೆಗೊಂಡಿತು. ಹೆಸರು ಬದಲಾದರೂ ಹಳ್ಳಿಯ ಗ್ಯಾರೇಜಿನಲ್ಲಿ ಅದು ಈಗಲೂ ಮೈಕೊ ಪಂಪೇ.

ಈಗ ಆ ತಿರುಪೂ ಇಲ್ಲ, ಆ ಸೀಲೂ ಇಲ್ಲ. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್-6 ಮಾನದಂಡ ಜಾರಿಯಾದ ಮೇಲೆ ಹೊಸ ಲಾರಿಗಳಲ್ಲಿ ಕಾಮನ್ ರೈಲ್ ವ್ಯವಸ್ಥೆ ಬಂದಿದೆ. ಒಂದೇ ಕೊಳವೆಯಲ್ಲಿ ಭಾರಿ ಒತ್ತಡದ ಡೀಸೆಲ್ ಸಿದ್ಧವಿರುತ್ತದೆ. ಎಷ್ಟು, ಯಾವಾಗ ಎಂಬುದನ್ನು ಕಂಪ್ಯೂಟರ್ ನಿರ್ಧರಿಸುತ್ತದೆ. ಪಿಸ್ಟನ್ ಒಂದು ಸಲ ಕೆಲಸ ಮಾಡುವಷ್ಟರಲ್ಲಿ ಡೀಸೆಲ್ಲನ್ನು ಹಲವು ಕಂತುಗಳಲ್ಲಿ ಚಿಮ್ಮಿಸಬಹುದಾದ್ದರಿಂದ ಕಡಿಮೆ ಹೊಗೆಯಲ್ಲಿ ಹೆಚ್ಚು ಶಕ್ತಿ ಸಿಗುತ್ತದೆ. ಆದರೆ ಮನುಷ್ಯನ ಆಸೆ ಬದಲಾಗಿಲ್ಲ. ಹಿಂದೆ ಸ್ಕ್ರೂಡ್ರೈವರ್ ಹಿಡಿದು ಬರುತ್ತಿದ್ದವನು ಈಗ ಲ್ಯಾಪ್‌ಟಾಪ್ ಹಿಡಿದು ಬಂದು ಕಂಪ್ಯೂಟರಿನ ಲೆಕ್ಕ ತಿದ್ದಿಕೊಡುತ್ತೇನೆ ಎನ್ನುತ್ತಾನೆ. ಗಾಳಿ ಮಾತ್ರ ಹದಿನಾಲ್ಕೂವರೆ ಕಿಲೋ ಬೇಕೇ ಬೇಕು.

ಕಬ್ಬಿನ ಹಂಗಾಮಿನಲ್ಲಿ ಮನೋಳಿಗೆ ಹೋದಾಗ ಸಕ್ಕರೆ ಕಾರ್ಖಾನೆಯ ಮುಂದೆ ಸಾಲುಗಟ್ಟಿದ ಲಾರಿ, ಟ್ರ್ಯಾಕ್ಟರುಗಳನ್ನು ನೋಡುತ್ತೇನೆ. ಅವುಗಳಲ್ಲಿ ಅರ್ಧಕ್ಕರ್ಧ ಸಾಲದ ಗಾಡಿಗಳು. ಬಾಡಿಗೆ ದರ ಮಾಲೀಕನ ಕೈಯಲ್ಲಿಲ್ಲ, ಡೀಸೆಲ್ ಬೆಲೆಯೂ ಅವನ ಕೈಯಲ್ಲಿಲ್ಲ. ಮಿತಿಮೀರಿ ಹೇರದೆ ಕಂತು ಕಟ್ಟುವುದೂ ಕಷ್ಟ. ಅವನ ಕೈಗೆ ಎಟುಕುವುದು ಪಂಪಿನ ಆ ತಿರುಪೊಂದೇ. ಕಾಕಾ ಅದನ್ನು ಬಿಚ್ಚಿಸಿದ್ದು ದುರಾಸೆಯಿಂದಲ್ಲ, ಬೇರೆ ದಾರಿ ಕಾಣದೆ ಎಂದು ಅರ್ಥವಾಗಲು ನನಗೆ ಒಂದು ಪದವಿ, ಮೂರು ದಶಕದ ಸರ್ಕಾರಿ ನೌಕರಿ ಬೇಕಾಯಿತು. ದುಡಿಯುವವನಿಗೆ ನ್ಯಾಯವಾದ ಕೂಲಿ ಸಿಕ್ಕರೆ ಮಾತ್ರ ಅಳತೆ ತಪ್ಪದ ಕೆಲಸವನ್ನು ಅವನಿಂದ ನಿರೀಕ್ಷಿಸಬಹುದು ಎಂಬ ಬಾಷ್ ಅವರ 1906ರ ಲೆಕ್ಕ, ಪಂಪು ಮಾಡುವವನಿಗಷ್ಟೇ ಅಲ್ಲ, ಅದನ್ನು ಲಾರಿಯಲ್ಲಿ ಹೊತ್ತು ಘಟ್ಟ ಹತ್ತುವವನಿಗೂ ಅನ್ವಯಿಸಬೇಕು. ಬಾಡಿಗೆ ದರ, ಹೇರಿನ ಮಿತಿ, ಸಾಲದ ಕಂತು ಈ ಮೂರನ್ನೂ ಒಟ್ಟಿಗೆ ನೋಡುವ ನೀತಿಯೊಂದು ನಮ್ಮಲ್ಲಿ ರೂಪುಗೊಂಡರೆ ಸೀಲು ಒಡೆಯಬೇಡಿ ಎಂದು ಲಾರಿ ಮಾಲೀಕನಿಗೆ ಹೇಳುವ ಹಕ್ಕು ನಮಗೆ ಬರುತ್ತದೆ.